ಡ್ರಾಯಿಂಗ್ ಮಾಸ್ತರರ ಪಕ್ಕಾ ಬಣ್ಣ

ನಮ್ಮ ಡ್ರಾಯಿಂಗ್ ಮಾಸ್ತರರು ತೀರಿಕೊಂಡ ವಾರದಲ್ಲಿ ಶಾಲೆಯ ಪ್ರಾರ್ಥನಾ ಮಂದಿರದಲ್ಲಿ ಸಂತಾಪ ಸಭೆ ನಡೆಯಿತು. ಹೊಸ ಹೆಡ್ ಮಾಸ್ತರರು ಅವರನ್ನು 'ಕುಂಚದ ಉಪಾಸಕ' ಎಂದು ಕರೆದರು. ಆಡಳಿತ ಮಂಡಳಿಯ ಹಿರಿಯರೊಬ್ಬರು ಎದ್ದು, ದಿವಂಗತರು ಬರೆದ ಜಿಲ್ಲೆಯ ನಕಾಶೆ ಸ್ಟಾಫ್ ರೂಮಿನ ಗೋಡೆಯ ಮೇಲೆ ಇಂದಿಗೂ ಇದೆ ಎಂದು ಹೆಮ್ಮೆಯಿಂದ ಹೇಳಿದರು. ಇದೆ, ನಿಜ. ಅದರಲ್ಲಿ ಬಾಗಲಕೋಟೆ ಇನ್ನೂ ವಿಜಾಪುರ ಜಿಲ್ಲೆಯ ಒಂದು ಊರಾಗಿಯೇ ಉಳಿದಿದೆ, ಕೃಷ್ಣೆ ಇನ್ನೂ ಸಣಕಲಾಗಿ ಹರಿಯುತ್ತಿದ್ದಾಳೆ. ಆಮೇಲೆ ಎಲ್ಲರೂ ಎದ್ದು ನಿಂತು ಮೌನ ಆಚರಿಸಿದೆವು. ಹಿಂದಿನ ಸಾಲಿನ ಯಾರದೋ ಮೊಬೈಲು ಮಾತ್ರ ಆಚರಿಸಲಿಲ್ಲ.

ಅವರ ಜೊತೆ ಹೆಚ್ಚು ಕಾಲ ಕೆಲಸ ಮಾಡಿದವನು ನಾನು. ಮಾತಾಡಬೇಕಿತ್ತು. ಆದರೆ ನನಗೆ ಗೊತ್ತಿದ್ದ ಸಂಗತಿ ಆ ಸಭೆಗೆ ಹೊಂದುವಂಥದಾಗಿರಲಿಲ್ಲ. 'ದಿವಂಗತರು ತಮ್ಮ ಆಯುಷ್ಯದ ಒಂದು ದೊಡ್ಡ ಭಾಗವನ್ನು, ಬೆಳ್ಳಗಿರುವ ಹೆಣ್ಣುಮಗಳ ಮುಖಕ್ಕೆ ಮುಂಜಾನೆಯಿಂದ ಸಂಜೆಯ ತನಕ ನಿಲ್ಲುವ ಫೌಂಡೇಶನ್ ಯಾವುದು ಎಂಬ ಪ್ರಶ್ನೆಗೆ ಅರ್ಪಿಸಿದ್ದರು' ಎಂದು ಮೈಕಿನ ಮುಂದೆ ನಿಂತು ಹೇಳುವುದು ಹೇಗೆ? ನಾನು ಇತಿಹಾಸ ಕಲಿಸಿದವನು. ರಾಜರ ದಂಡಯಾತ್ರೆಗಳನ್ನು ಗಂಟಲು ಹರಿಯುವಂತೆ ಹೇಳಿದ್ದೇನೆ. ಆದರೂ ಈ ಯಾತ್ರೆಯನ್ನು ಹೇಳುವ ಧೈರ್ಯ ಅಂದು ಬರಲಿಲ್ಲ. ಸುಮ್ಮನೆ ಕೂತು ಚಹಾ ಕುಡಿದು ಬಂದೆ.

ಮಾಸ್ತರರು ಎತ್ತರದ ಆಳು. ಬಣ್ಣ ಕಪ್ಪು, ಎಣ್ಣೆ ಕುಡಿದ ಮಗ್ಗದ ಕಟ್ಟಿಗೆಯ ಕಪ್ಪು. ಅದರ ಮೇಲೆ ಇಸ್ತ್ರಿ ಮುರಿಯದ ಬಿಳಿ ಅಂಗಿ. ಅಂಗಿಯ ಕಿಸೆಯಲ್ಲಿ ಉಳಿದವರು ಪೆನ್ನು ಇಟ್ಟುಕೊಂಡರೆ ಇವರು ಬಿಳಿ ಮಾದರಪಾಟ ಬಟ್ಟೆಯ ತುಂಡುಗಳನ್ನು ಇಟ್ಟುಕೊಳ್ಳುತ್ತಿದ್ದರು. ಅವರದು ನಮ್ಮ ಶಾಲೆಯಿದ್ದ ಬನಹಟ್ಟಿಯಲ್ಲೇ ನೂಲಿಗೆ ಬಣ್ಣ ಹಾಕುವ ಮನೆತನ. ಅಪ್ಪ, ಅಜ್ಜ ಎಲ್ಲ ಹಿತ್ತಲಿನ ತಾಮ್ರದ ಹಂಡೆಗಳ ಮುಂದೆ ಬಾಳು ಕಳೆದವರು. ಬಣ್ಣ ಪಕ್ಕಾನೋ ಕಚ್ಚಾನೋ ಎಂದು ತಿಳಿಯಲು ಆ ಮನೆಯಲ್ಲಿ ಒಂದು ರೀತಿ ಇತ್ತು: ತೋಯಿಸಿದ ಬಿಳಿ ಬಟ್ಟೆಯಿಂದ ನೂಲನ್ನು ಒರೆಸಬೇಕು, ಆಮೇಲೆ ಬಿಸಿಲಿಗೆ ಹಿಡಿಯಬೇಕು. ಬಟ್ಟೆಗೆ ಬಣ್ಣ ಹತ್ತಿದರೆ ಕಚ್ಚಾ. ಹತ್ತದಿದ್ದರೆ ಪಕ್ಕಾ.

ಮಾಸ್ತರರು ಡ್ರಾಯಿಂಗ್ ಪರೀಕ್ಷೆ ಪಾಸಾಗಿ ನೌಕರಿಗೆ ಸೇರಿದರೂ ಈ ಪದ್ಧತಿ ಅವರನ್ನು ಬಿಡಲಿಲ್ಲ. ಪ್ರಪಂಚದ ಸಕಲ ವಸ್ತುಗಳನ್ನೂ ಒರೆಸಿ ನೋಡುವುದು, ಬಿಸಿಲಿಗೆ ಹಿಡಿದು ನೋಡುವುದು ಅವರ ಸ್ವಭಾವವೇ ಆಗಿಹೋಗಿತ್ತು. ಸೀರೆ ಅಂಗಡಿಗೆ ಹೋದರೆ ಸೀರೆ ಹೊತ್ತು ರಸ್ತೆಗೆ ಬರುತ್ತಿದ್ದರು. ಅಂಗಡಿಯವನು ಅವರ ಹಿಂದೆ ಓಡಿ ಬರುತ್ತಿದ್ದ. ಹುಡುಗನೊಬ್ಬ ಸೂರ್ಯೋದಯದ ಚಿತ್ರ ಬರೆದು ತಂದರೆ ಅದನ್ನೂ ಕಿಟಕಿಯ ಹತ್ತಿರ ಒಯ್ದು ನಿಜವಾದ ಸೂರ್ಯನ ಮುಂದೆ ಹಿಡಿದು ಅಂಕ ಹಾಕುತ್ತಿದ್ದರು. ಸೂರ್ಯನ ಎದುರು ಯಾವ ಹುಡುಗನಿಗೂ ಒಳ್ಳೆಯ ಅಂಕ ಬಂದದ್ದಿಲ್ಲ.

"ನೆರಳಾಗ ಎಲ್ಲಾ ಛಲೋನ ಕಾಣ್ತೈತ್ರಿ ಗುರುಗಳ," ಎನ್ನುತ್ತಿದ್ದರು ನನಗೆ. "ಅಂಗಳಕ್ಕ ತರಬೇಕು. ಅಂಗಳದಾಗ ಬಣ್ಣ ಸುಳ್ಳ ಹೇಳೂದಿಲ್ಲ."

ಇಂಥವರು ಫೌಂಡೇಶನ್ನಿನ ಕಡೆ ತಿರುಗಿದ್ದಕ್ಕೆ ಕಾರಣ ಅವರ ಮನೆಯವರು. ನಾವೆಲ್ಲ ಅವರನ್ನು ಅಕ್ಕಾರು ಎನ್ನುತ್ತಿದ್ದೆವು. ಅಕ್ಕಾರು ಬಹಳ ಬೆಳ್ಳಗಿದ್ದರು. ನಮ್ಮ ಕಡೆ ಅಂಥವರನ್ನು 'ಕೆಂಪ ಅದಾರ' ಎನ್ನುತ್ತಾರೆ. ಆ ಕೆಂಪು ಮುಖದ ಎಡಗೆನ್ನೆಯಿಂದ ದವಡೆಯ ತನಕ ವೀಳ್ಯದೆಲೆಯಷ್ಟು ಅಗಲದ ಕಪ್ಪು ಕಲೆ. ಮದುವೆಯಾಗಿ ಬಂದ ಹೊಸದರಲ್ಲಿ, ಹಿತ್ತಲಿನ ಹಂಡೆಯಲ್ಲಿ ನೂಲು ಅದ್ದುವಾಗ ಕೋಲಿನ ಮೇಲಿದ್ದ ನೂಲಿನ ಕಟ್ಟು ಜಾರಿ ಬಿದ್ದು, ಕುದಿಯುವ ಬಣ್ಣ ಸಿಡಿದು ಆದದ್ದು. ಗಾಯ ಮಾಯಿತು, ಕಲೆ ಉಳಿಯಿತು. ಹಳೆಯ ಕಟ್ಟಿಗೆಯ ಬಾಗಿಲಿಗೆ ಎಣ್ಣೆಯ ಕೈ ತಾಗಿದರೆ ಕಾಣುವುದಿಲ್ಲ. ಸುಣ್ಣ ಬಳಿದ ಗೋಡೆಗೆ ತಾಗಿದರೆ ಊರಿಗೇ ಕಾಣುತ್ತದೆ. ಹಾಗಾಗಿತ್ತು.

ಆ ಕೋಲಿಗೆ ಎರಡು ತುದಿ. ಒಂದನ್ನು ಅಕ್ಕಾರು ಹಿಡಿದಿದ್ದರು. "ಆ ಕಡಿ ತುದಿ ನನ್ನ ಕೈಯಾಗಿತ್ರಿ," ಎಂದು ಮಾಸ್ತರರು ನನ್ನ ಮುಂದೆ ಒಮ್ಮೆ ಹೇಳಿದ್ದರು. ಹೇಳಿ, ಎದುರಿಗಿದ್ದ ಚಹಾದ ಬಸಿಯನ್ನು ಎತ್ತಿ ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬಸಿಯಲ್ಲಿ ನೋಡುವಂಥದು ಏನೂ ಇರಲಿಲ್ಲ.

ಅಕ್ಕಾರು ಅಂದಿನಿಂದ ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಟ್ಟರು. ಜನ ನೋಡುತ್ತಾರೆಂಬುದು ಒಂದು. ಅದಕ್ಕಿಂತ ದೊಡ್ಡ ತೊಡಕು ಬಾಗಿಲಲ್ಲೇ ಇರುತ್ತಿತ್ತು. ನಮ್ಮಲ್ಲಿ ಮದುವೆ ಮನೆಗೆ ಮುತ್ತೈದೆ ಬಂದರೆ ಮನೆಯಾಕೆ ಅರಿಷಿಣದ ಬಟ್ಟಲು ಹಿಡಿದು ನಿಂತಿರುತ್ತಾಳೆ. ತೋಯಿಸಿದ ಅರಿಷಿಣವನ್ನು ಬಂದಾಕೆಯ ಎರಡೂ ಕೆನ್ನೆಗೆ ಹಚ್ಚಿ, ಹಣೆಗೆ ಕುಂಕುಮವಿಟ್ಟು ಒಳಗೆ ಕರೆಯುತ್ತಾಳೆ. ಅಕ್ಕಾರ ಎಡಗೆನ್ನೆಯ ಹತ್ತಿರ ಬಂದಾಗ ಕೆಲವರ ಬೆರಳು ತಡವರಿಸುತ್ತಿತ್ತು. ಕೆಲವರು ಬಲಗೆನ್ನೆಗಷ್ಟೇ ಹಚ್ಚಿ ಕೈ ಹಿಂದೆ ತೆಗೆಯುತ್ತಿದ್ದರು. ಬಾಯಿ ಇದ್ದವರು "ಅಯ್ಯ, ಇದೇನಾತವಾ?" ಎಂದು ಕೇಳಿಯೇ ಬಿಡುತ್ತಿದ್ದರು. ಹೀಗಾಗಿ ಮಾಸ್ತರರು ಎಲ್ಲ ಮದುವೆಗಳಿಗೂ ಒಬ್ಬರೇ ಬರುವರು, ಒಬ್ಬರೇ ಉಣ್ಣುವರು. ಬುತ್ತಿಗೆ ಕಟ್ಟಿಕೊಟ್ಟ ಬುಂದಿ ಲಾಡು ಹಿಡಿದು ಒಬ್ಬರೇ ಮನೆಗೆ ಹೋಗುವರು.

ಜಿಲ್ಲೆ ಹೊಸದಾಗಿ ಬಾಗಲಕೋಟೆಯಾದ ಸುಮಾರಿಗೆ ನನ್ನ ಹಿರಿಯ ಮಗಳ ಮದುವೆ ಗೊತ್ತಾಯಿತು. ಬರುವ ಬೇಸಿಗೆಯಲ್ಲಿ, ಬೀಳಗಿಯ ನಮ್ಮ ಹಿರಿಯರ ಮನೆಯ ಮುಂದೆ. ಸುದ್ದಿ ಕೇಳಿ ಮಾಸ್ತರರು ನನ್ನ ಕೈ ಹಿಡಿದರು.

"ಗುರುಗಳ, ಈ ಲಗ್ನಕ್ಕ ನಾ ಒಬ್ಬನ ಬರೂದಿಲ್ಲ. ಇಬ್ಬರೂ ಬರ್ತೀವಿ. ಆಕಿ ಮುಂದಿನ ಸಾಲಿನ್ಯಾಗ ಕುಂಡ್ರತಾಳ, ಅಕ್ಕಿಕಾಳ ಹಾಕ್ತಾಳ, ಉಂಡು ಬರ್ತಾಳ. ಅಲ್ಲೀತನಕ ನಿಲ್ಲೂ ಬಣ್ಣ ನಾ ಹುಡುಕ್ತೇನಿ."

ಕಲೆ ಮುಚ್ಚುವ ಬಣ್ಣ ಎಂದು ಬಿಡಿಸಿ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಅಂದಿನಿಂದ ಆರಂಭವಾಯಿತು ದಂಡಯಾತ್ರೆ. ಮೊದಲು ಬನಹಟ್ಟಿ, ರಬಕವಿ, ಆಮೇಲೆ ಜಮಖಂಡಿ, ಮುಧೋಳ, ಕೊನೆಗೆ ಗಡಿ ದಾಟಿ ಮಿರಜ, ಸೊಲ್ಲಾಪುರ. ರವಿವಾರ ಬಂತೆಂದರೆ ಮಾಸ್ತರರು ಫ್ಯಾನ್ಸಿ ಸ್ಟೋರುಗಳ ಮೇಲೆ ದಾಳಿ ಮಾಡುತ್ತಿದ್ದರು. ಸಾಕ್ಷಿಗೆ ನಾನು. ಜಮಖಂಡಿಯ ಅಂಗಡಿಯೊಂದರಲ್ಲಿ ನಡೆದ ಮಾತು ನೆನಪಿದೆ. ಬಳೆ, ರಿಬ್ಬನ್ನು, ಹಣೆಗಿಡುವ ಟಿಕಳಿಗಳ ನಡುವೆ ಕೂತಿದ್ದ ಅಂಗಡಿಕಾರ ಕೇಳಿದ:

"ಯಾರಿಗ್ರಿ?"

"ನಮ್ಮ ಮನ್ಯಾಗಿನವರಿಗೆ. ಕೆಂಪ ಅದಾರ."

"ಕೆಂಪ ಇದ್ದವರಿಗೆ ಇದ್ಯಾಕ ಬೇಕ್ರಿ? ಕರೇ ಇದ್ದವರು ಒಯ್ತಾರ. ಬೇಕಂದ್ರ ಇದ ನೋಡ್ರಿ, ಎಲ್ಲಾಕಿಂತ ಬೆಳ್ಳಂದು."

ಮಾಸ್ತರರು ಶೀಸೆ ತೆಗೆದುಕೊಂಡು ಅಂಗಡಿಯ ಹೊರಗೆ ನಡೆದರು. ಅಂಗಡಿಕಾರ ಗಾಬರಿಯಾಗಿ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದ. ಬಿಸಿಲಿನಲ್ಲಿ ಒಂದು ಹನಿಯನ್ನು ನನ್ನ ದವಡೆಗೆ ಹಚ್ಚಿ, ಕಣ್ಣು ಅರ್ಧ ಮುಚ್ಚಿ ನೋಡಿ, "ಸುಣ್ಣ!" ಎಂದು ತೀರ್ಪು ಕೊಟ್ಟರು. "ಕೇಳೋ ತಮ್ಮಾ, ಬೆಳ್ಳಗಿನವರಾಗೂ ಎಲ್ಲಾರೂ ಒಂದ ಥರಾ ಇರೂದಿಲ್ಲ. ಕೆಲವರದು ಗುಲಾಬಿ ಬೆಳ್ಳಗ, ಕೆಲವರದು ಹಳದಿ ಬೆಳ್ಳಗ. ಗುಲಾಬಿಯವರಿಗೆ ಹಳದಿ ಹಚ್ಚಿದ್ರ ಕಾಮಣಿ ಬ್ಯಾನಿ ಬಿದ್ದು ಎದ್ದು ಬಂದಂಗ ಕಾಣ್ತಾರ. ಹಳದಿಯವರಿಗೆ ಗುಲಾಬಿ ಹಚ್ಚಿದ್ರ ಯಾರೋ ಕಪಾಳಕ್ಕ ಹೊಡದಂಗ."

"ಹಂಗಾರ ನಿಮ್ಮವರದು ಯಾವದ್ರಿ?"

ಮಾಸ್ತರರು ಯೋಚಿಸಿದರು. "ಅದನ್ನ ಹುಡುಕಾಕತ್ತೇನಿ," ಎಂದರು.

ನನ್ನ ದವಡೆ ಎಂದೆನಲ್ಲ, ಅದಕ್ಕೆ ವಿವರಣೆ ಕೊಡಬೇಕು. ಮಾಸ್ತರರು ಮೊದಮೊದಲು ತಮ್ಮ ಮುಂಗೈಗೇ ಹಚ್ಚಿ ನೋಡುತ್ತಿದ್ದರು. ಆ ಕಪ್ಪು ಕೈಯ ಮೇಲೆ ಯಾವ ಬಣ್ಣ ಹಚ್ಚಿದರೂ ಜೀಬ್ರಾದ ಪಟ್ಟೆಯಂತೆ ಎದ್ದು ಕಾಣುತ್ತಿತ್ತು. ಇಡೀ ಸ್ಟಾಫಿನಲ್ಲಿ ಕೆಂಪಗಿದ್ದವನು ನಾನು. ಅದು ನನ್ನ ಸಾಧನೆಯೇನಲ್ಲ, ತಾಯಿಯ ಕಡೆಯಿಂದ ಬಂದದ್ದು. ಆದರೆ ವಿಜ್ಞಾನ ನನ್ನ ದವಡೆಯನ್ನು ಕೇಳಿತು, ಕೊಟ್ಟೆ. ಮುಂಜಾನೆ ಪ್ರಾರ್ಥನೆಗೆ ಮೊದಲು ಮಾಸ್ತರರು ಬಾವಿಕಟ್ಟೆಯ ಹತ್ತಿರ ನನ್ನನ್ನು ನಿಲ್ಲಿಸಿ ಬೆರಳಿನಿಂದ ಹಚ್ಚುವರು. ಸಂಜೆಯ ಗಂಟೆ ಹೊಡೆದ ಮೇಲೆ ಕಿಸೆಯಿಂದ ಬಿಳಿ ಬಟ್ಟೆ ತೆಗೆದು, ತೋಯಿಸಿ ಒರೆಸಿ ನೋಡುವರು. ಬಟ್ಟೆಗೆ ಹತ್ತಿದರೆ ಒಂದು ನಿಟ್ಟುಸಿರು. ಕೆಲವು ಬಣ್ಣಗಳು ಸಂಜೆಯ ತನಕ ಕಾಯುತ್ತಲೇ ಇರಲಿಲ್ಲ, ಊಟದ ಬಿಡುವಿನಲ್ಲೇ ಕೊರಳಿಗಿಳಿದು ಅಂಗಿ ಸೇರುತ್ತಿದ್ದವು. ಕೆಲವು ನಿಂತವು, ಆದರೆ ಗಾಳಿಗೆ ಆರುತ್ತ ಆರುತ್ತ ಕಪ್ಪಾದವು. "ಹಚ್ಚಿದ ಕೂಡಲೆ ನೋಡಿ ಮೋಸ ಹೋಗಬಾರದ್ರಿ," ಎನ್ನುತ್ತಿದ್ದರು. "ನೂಲು ಹಸಿ ಇದ್ದಾಗ ಒಂದು, ಆರಿದ ಮ್ಯಾಲೆ ಒಂದು."

ಸೋಲಿಗೆಲ್ಲ ಅವರ ಹತ್ತಿರ ಒಂದು ಕಾರಣ ಸಿದ್ಧವಿತ್ತು: ಆಲಮಟ್ಟಿಯ ಹಿನ್ನೀರು. "ಮೊದಲು ನಮ್ಮ ಕಡಿ ಬ್ಯಾಸಿಗಿ ಒಣಾ ಬ್ಯಾಸಿಗಿ. ಬೆವರು ಬಂದದ್ದ ಗೊತ್ತಾಗ್ತಿರಲಿಲ್ಲ. ಈಗ ನೀರು ನಿಂತಾವು, ಗಾಳ್ಯಾಗ ಪಸೆ ಕೂತೈತಿ, ಬೆವರಿನ ಗುಣಾನ ಬದಲಾಗೇತ್ರಿ. ಈ ಶೀಸೇದ ಮ್ಯಾಲೆ ಬರದದ್ದೆಲ್ಲಾ ಹಳೇ ಬೆವರಿಗೆ ಬರದದ್ದು." ಊರುಗಳು ಮುಳುಗಿದ ಬಗ್ಗೆ, ಪರಿಹಾರದ ಬಗ್ಗೆ, ಪುನರ್ವಸತಿಯ ಬಗ್ಗೆ ಬಹಳ ಜನ ಮಾತಾಡಿದ್ದಾರೆ. ಆಣೆಕಟ್ಟಿನ ವಿರುದ್ಧ ಈ ದೂರನ್ನು ಮಂಡಿಸಿದವರು ಮಾಸ್ತರರೊಬ್ಬರೇ.

ಹತ್ತನೆಯ ತರಗತಿಯ ಪರೀಕ್ಷೆಯ ದಿನ ಒಂದು ಪ್ರಸಂಗವಾಯಿತು. ನಾನು ಕೋಣೆಯಲ್ಲಿ ಮೇಲ್ವಿಚಾರಣೆ ಮಾಡುತ್ತಿದ್ದೆ, ಎಡ ದವಡೆಯ ಮೇಲೆ ಒಂದು ಬಣ್ಣ, ಬಲ ದವಡೆಯ ಮೇಲೆ ಇನ್ನೊಂದು. ನಕಲು ಹಿಡಿಯುವ ತಂಡ ಬಂತು. ತಂಡದ ಸಾಹೇಬರು ಹುಡುಗರ ಕಡೆ ನೋಡುವುದನ್ನು ಬಿಟ್ಟು ನನ್ನ ಮುಖವನ್ನೇ ನೋಡಿದರು.

"ಸರ, ಮಾರಿಗೆ ಏನಾಗೇತ್ರಿ?"

"ಔಷಧರಿ," ಎಂದೆ, ಶಿಕ್ಷಕ ವೃತ್ತಿಯ ಘನತೆ ಕಾಪಾಡಲು.

ಪಕ್ಕದ ಕೋಣೆಯ ಮೇಲ್ವಿಚಾರಕರು ಬಾಗಿಲಿನಿಂದ ತಲೆ ಹಾಕಿದರು. ಮಾಸ್ತರರೇ. "ಔಷಧ ಅಲ್ರಿ ಸಾಹೇಬರ, ಫೌಂಡೇಶನ್! ಎಡಕಿಂದು ಮಿರಜದ್ದು, ಬಲಕಿಂದು ಸೊಲ್ಲಾಪುರದ್ದು. ಎರಡರಾಗ ಯಾವುದು ನಿಂತೈತಿ ನೀವ ಹೇಳ್ರಿ."

ಪರೀಕ್ಷಾ ಕೋಣೆಯಲ್ಲಿ ಹೀಗೆ ಬಾಯಿ ಬಿಟ್ಟು ಉತ್ತರ ಹೇಳಿಕೊಟ್ಟದ್ದು ಆ ದಿನದ ಏಕೈಕ ಅಕ್ರಮ. ಸಾಹೇಬರು ನನ್ನ ಗದ್ದ ಹಿಡಿದು ಕಿಟಕಿಯ ಕಡೆ ತಿರುಗಿಸಿ ಗಂಭೀರವಾಗಿ ನೋಡಿದರು. ಹೋಗುವಾಗ ಮೆಲ್ಲಗೆ, "ಮಿರಜದ್ದು ಎಲ್ಲಿ ಸಿಗತೈತ್ರಿ? ನಮ್ಮ ಹುಡುಗಿ ಕೆಂಪ ಅದಾಳ," ಎಂದು ಕೇಳಿದರು.

ಅಂದು ಸಂಜೆ ಮಿರಜದ್ದೂ ತಿರಸ್ಕೃತವಾಯಿತು. ನನ್ನ ಮೇಲೆ ಅದು ನಿಂತಿತ್ತು, ನಿಜ. ಆದರೆ ಅಕ್ಕಾರಿಗೆ ಹಚ್ಚಿ ನೋಡಿದಾಗ ಬಣ್ಣ ಕೂಡಲಿಲ್ಲವಂತೆ. ತೀರ ತೆಳುಗುಲಾಬಿ. ಅವರಿಗೆ ಕೂಡುವ ಹಳದಿ ಬಣ್ಣ ಹಚ್ಚಿದರೆ ಮುಂಜಾನೆ ಸರಿಯಾಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಮುಖ ಬೇರೆ, ಕೊರಳು ಬೇರೆ ಆಗುತ್ತದೆ. ಎಷ್ಟು ಶೀಸೆ ತಂದರೂ ಇದೇ ಗತಿ. ಮಾಸ್ತರರ ಮುಖ ಮೊದಲ ಬಾರಿಗೆ ಸಣ್ಣದಾಗಿತ್ತು.

"ಲಗ್ನ ಹತ್ರ ಬಂತ್ರಿ ಗುರುಗಳ," ಎಂದರು. ಮದುವೆ ನನ್ನ ಮಗಳದು, ಚಿಂತೆ ಅವರದು.

ಇತ್ತ ನನ್ನ ಮನೆಯಲ್ಲಿ ಬೇರೆ ಚಿಂತೆ ಹುಟ್ಟಿತ್ತು. ನನ್ನ ಹೆಂಡತಿ ನನ್ನ ಅಂಗಿಯೊಂದನ್ನು ಒಗೆಯುವ ಕಲ್ಲಿನಿಂದ ಎತ್ತಿಕೊಂಡು ಒಳಗೆ ಬಂದಳು.

"ಕಾಲರಿಗೆ ಇದೇನ್ರಿ?"

"ಬಣ್ಣ."

"ಬಣ್ಣ ಅಂತ ನನಗೂ ಕಾಣ್ತೈತಿ. ಹೆಣ್ಣಮಕ್ಕಳು ಮಾರಿಗೆ ಹಚ್ಚೂ ಬಣ್ಣ. ಯಾರದು?"

"ಡ್ರಾಯಿಂಗ್ ಮಾಸ್ತರ್ದು."

"ಡ್ರಾಯಿಂಗ್ ಮಾಸ್ತರು ಮಾರಿಗೆ ಬಣ್ಣಾ ಬಳಕೊಂಡು ನಿಮ್ಮ ಕುತ್ತಿಗಿಗೆ ಬಿದ್ದಿದ್ರೇನು?"

ಇದ್ದ ಸಂಗತಿಯನ್ನು ಆಮೂಲಾಗ್ರವಾಗಿ ಹೇಳಿದೆ. ಸತ್ಯ ಎಷ್ಟು ಅಸಂಭವವಾಗಿ ಕೇಳಿಸಬಲ್ಲದು ಎಂಬುದು ನನಗೆ ಆಗ ತಿಳಿಯಿತು. ಆಕೆ ಅಂಗಿಯನ್ನು ಮತ್ತೆ ನೀರಿಗೆ ಹಾಕಿ, "ನಾಳೆ ರವಿವಾರ. ನಾನೂ ಬರ್ತೇನಿ, ನೋಡೇ ಬಿಡೂಣು," ಎಂದಳು. ಪರಿಶೀಲನೆಗೆ ಹೊರಟವಳು ಅವಳು. ಹೊರಟದ್ದು ನನ್ನ ಚಾರಿತ್ರ್ಯದ ಪರಿಶೀಲನೆಗೆ.

ಮರುದಿನ ಮುಂಜಾನೆ ಮಾಸ್ತರರ ಮಾಳಿಗೆಯ ಮೇಲೆ ಮೂವರೂ ನಿಂತಿದ್ದೆವು. ಸುತ್ತಲಿನ ಮನೆಗಳಿಂದ ಮಗ್ಗದ ಸದ್ದು ಖಟಪಟ ಎಂದು ಏರುತ್ತಿತ್ತು. ಕಟ್ಟೆಯ ಗೋಡೆಯ ಮೇಲೆ ತಿರಸ್ಕೃತ ಶೀಸೆಗಳು ಸಾಲಾಗಿ ನಿಂತಿದ್ದವು. ಮಾಸ್ತರರು ಕೆಳಗೆ ಬಾಗಿ ಕೂಗಿದರು: "ಏ, ಬಾ ಮ್ಯಾಲೆ, ಬಿಸಲು ಏರಾಕತ್ತೈತಿ!"

ಅಕ್ಕಾರು ಮೆಟ್ಟಿಲು ಹತ್ತಿ ಬಂದರು. ಆಗಷ್ಟೇ ಮಿಂದಿದ್ದರು. ಆಗಲೇ ಮಡಿಕೆ ಬಿಚ್ಚಿ ಉಟ್ಟ ಸೀರೆ, ಒದ್ದೆಯ ಕೂದಲಿನ ತುದಿಗೊಂದು ಗಂಟು, ಮುಖಕ್ಕೆ ತೆಳ್ಳಗೆ ಅರಿಷಿಣ. ನಮ್ಮನ್ನು ಕಂಡು ಸೆರಗನ್ನು ಎಡಗೆನ್ನೆಯ ಮೇಲೆ ಎಳೆದುಕೊಂಡರು. ಮಾಸ್ತರರು ಸೆರಗು ಸರಿಸಿ, ಕಲೆಯಿಲ್ಲದ ಬಲ ದವಡೆಯ ಮೇಲೆ ಹೊಸ ಬಣ್ಣದ ಒಂದು ಗೆರೆ ಎಳೆದು, ಹಿಂದೆ ಸರಿದು ನಿಂತರು. ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೆ ನಿಲ್ಲುತ್ತಾರಲ್ಲ, ಹಾಗೆ.

"ನೋಡ್ರಿ, ಹೆಂಗ ಕೂಡೇತಿ! ಎಲ್ಲಿ ಹಚ್ಚೀನಿ ಗೊತ್ತಾಗೂದಿಲ್ಲ. ಆದ್ರ ಮಧ್ಯಾಹ್ನಕ ಮತ್ತ ಬ್ಯಾರೆ ಆಗತೈತಿ. ಹಿನ್ನೀರಿನ ಗಾಳಿ..."

ನನ್ನ ಹೆಂಡತಿ ಮುಂದೆ ಹೋಗಿ ಅಕ್ಕಾರ ಬಲಗೆನ್ನೆಯ ಮೇಲೆ ಬೆರಳು ಆಡಿಸಿ, ಆ ಬೆರಳನ್ನು ಮಾಸ್ತರರ ಮೂಗಿನ ಮುಂದೆ ಹಿಡಿದಳು. ಬೆರಳು ಹಳದಿಯಾಗಿತ್ತು.

"ಮಾಸ್ತರ, ಇದೇನು?"

"ಅರಿಷಿಣ."

"ಮಧ್ಯಾಹ್ನದ ಮಟಾ ಇದು ಇರತೈತೇನ್ರಿ ಮಾರಿ ಮ್ಯಾಲೆ? ಬೆವರಿನ ಜೋಡಿ ಹೋಗತೈತಿ. ನೀವು ಬಣ್ಣಾ ಕೂಡಿಸಾಕತ್ತಿದ್ದು ಅರಿಷಿಣಕ್ಕ. ಅಕ್ಕಾರ ಮಾರಿಗಲ್ಲ."

ಮಾಸ್ತರರು ಆ ಬೆರಳನ್ನೇ ನೋಡುತ್ತಿದ್ದರು. ಅವರಿಗೆ ಕಣ್ಣಿರಲಿಲ್ಲವೆಂದಲ್ಲ. ನಮ್ಮ ಕಡೆ ಮಿಂದ ಹೆಣ್ಣುಮಕ್ಕಳ ಮುಖವೆಂದರೆ ಅರಿಷಿಣ ಹಚ್ಚಿದ ಮುಖವೇ. ಅದನ್ನು ಬಣ್ಣವೆಂದು ಯಾರೂ ಎಣಿಸುವುದಿಲ್ಲ. ನಾನೂ ಎಣಿಸಿರಲಿಲ್ಲ. ಸೂರ್ಯನ ಮುಂದೆ ಹಿಡಿದರೂ ಕಾಣದ ಬಣ್ಣ ಅದೊಂದೇ ಇರಬೇಕು.

"ಗಂಜಿ ತೊಳಿಲಾರದ ನೂಲು ಹಂಡೇಕ ಹಾಕಿದಂಗಾತು, ಬಣ್ಣ ಗಂಜಿಗೆ ಹತ್ತೇತಿ, ನೂಲಿಗಲ್ಲ," ಎಂದರು ಮಾಸ್ತರರು ಕೊನೆಗೆ. ಆಮೇಲೆ ಹೆಂಡತಿಯ ಕಡೆ ತಿರುಗಿ, "ನೀನರ ಹೇಳಬಾರದೇನ? ಬಣ್ಣ ನೋಡೂ ಮುಂದ ಅರಿಷಿಣ ಯಾಕ ಹಚಗೊಂಡು ಬರ್ತಿದ್ದಿ?"

ಅಕ್ಕಾರು ಶೀಸೆಗಳ ಸಾಲಿನ ಕಡೆ ನೋಡುತ್ತ ಹೇಳಿದರು: "ಬಿಸಲಾಗ ನಿಂದ್ರಿಸಿ ನೀವು ನನ್ನ ಮಾರಿ ನೋಡಾವ್ರು. ಹಂಗ ಬರ್ಲೇನ್ರಿ?"

ಮಾಸ್ತರರು ಕೈಯಲ್ಲಿದ್ದ ಶೀಸೆಗೆ ಮುಚ್ಚಳ ಹಾಕತೊಡಗಿದರು. ಅದು ಕೂಡಲೊಲ್ಲದು. ತಿರುಗಿಸಿ ತಿರುಗಿಸಿ ಹಾಕಿದರು. ನನ್ನ ಹೆಂಡತಿ ನನ್ನ ಅಂಗಿ ಹಿಡಿದು ಮೆಟ್ಟಿಲ ಕಡೆ ಎಳೆದಳು. ನನ್ನ ಚಾರಿತ್ರ್ಯದ ವಿಚಾರಣೆ ಮತ್ತೆಂದೂ ನಡೆಯಲಿಲ್ಲ.

ಅರಿಷಿಣ ತೊಳೆದ ಮುಖಕ್ಕೆ ಕೂಡಿದ್ದು ಬೇರೆ ಯಾವುದೂ ಅಲ್ಲ, ಆ ಸಾಲಿನಲ್ಲೇ ತಲೆ ತಗ್ಗಿಸಿ ನಿಂತಿದ್ದ ಮಿರಜದ ಶೀಸೆ. ಅಕ್ಕಾರು ಗುಲಾಬಿ ಬೆಳ್ಳಗಿನವರೆಂದು ಅಂದು ಇತ್ಯರ್ಥವಾಯಿತು. ಇನ್ನು ಕಲೆಯ ವಿಚಾರ. ಕಪ್ಪಿನ ಮೇಲೆ ನೇರವಾಗಿ ಬೆಳ್ಳನೆಯದನ್ನು ಹಚ್ಚಿದರೆ ಬೂದಿಯಾಗುತ್ತದೆ. ಅದು ಮಾಸ್ತರರಿಗೆ ಹಂಡೆಯ ಕಾಲದಿಂದ ಗೊತ್ತಿತ್ತು. ಕಲೆಯ ಮೇಲಷ್ಟೇ ಮೊದಲು ಕೇಸರಿ ಬಣ್ಣದ ತೆಳು ಪದರ. ಅದು ಆರಿದ ಮೇಲೆ ಫೌಂಡೇಶನ್, ಅದೂ ಒಮ್ಮೆಲೇ ದಪ್ಪಗಲ್ಲ. ತೆಳ್ಳಗೆ ಹಚ್ಚಿ, ಒಣಗಲು ಬಿಟ್ಟು, ಮತ್ತೆ ತೆಳ್ಳಗೆ. ಉಜ್ಜಬಾರದು, ಬೆರಳಿನಿಂದ ತಟ್ಟಬೇಕು. ಮೇಲೆ ಒಂದಿಷ್ಟು ಪೌಡರು ಉದುರಿಸಬೇಕು, ಬೆವರು ಬಂದರೆ ಒರೆಸದೆ ಬಟ್ಟೆಯನ್ನು ಒತ್ತಿ ತೆಗೆಯಬೇಕು. ಮಾಸ್ತರರು ಸ್ಟಾಫ್ ರೂಮಿನಲ್ಲಿ ಈ ವಿಧಿಯನ್ನು ಎಷ್ಟು ಸಲ ಹೇಳಿದರೆಂದರೆ ನಮ್ಮ ಪಿ.ಟಿ. ಮಾಸ್ತರರು ತಮ್ಮ ನಾದಿನಿಯ ಮುಖಕ್ಕೆ ಅದನ್ನು ಮಾಡಿ, ಸೈ ಎನಿಸಿಕೊಂಡು ಬಂದರು.

ಮದುವೆಯ ದಿನ ಬಂತು. ಬನಹಟ್ಟಿಯಿಂದ ಹೊರಟು, ಜಮಖಂಡಿಯಲ್ಲಿ ಬಸ್ಸು ಬದಲಿಸಿ, ಧೂಳಿನಲ್ಲಿ ಬೀಳಗಿಯ ತನಕ ಬರಬೇಕು. ನಾನು ಮಂಟಪದ ಬಾಗಿಲಲ್ಲಿ ಬೀಗರನ್ನು ಕಾಯುತ್ತಿದ್ದೆನಾದರೂ ಕಣ್ಣು ಬಸ್ ಸ್ಟ್ಯಾಂಡಿನ ದಾರಿಯ ಮೇಲಿತ್ತು. ಇಬ್ಬರೂ ಬಂದರು. ಮಾಸ್ತರರು ಕೊಡೆ ಹಿಡಿದಿದ್ದರು. ಕೊಡೆಯ ನೆರಳು ಪೂರ್ತಿ ಹೆಂಡತಿಯ ಮೇಲಿತ್ತು, ಬಿಸಿಲು ಪೂರ್ತಿ ಅವರ ಮೇಲಿತ್ತು. ಅಕ್ಕಾರ ಮುಖ ಒಂದೇ ಸಮನಾಗಿತ್ತು. ಗೊತ್ತಿದ್ದ ನಾನೇ ಕಲೆ ಎಲ್ಲಿತ್ತೆಂದು ಹುಡುಕಬೇಕಾಯಿತು.

ಬಾಗಿಲಲ್ಲಿ ನನ್ನ ಹೆಂಡತಿ ಅರಿಷಿಣದ ಬಟ್ಟಲು ಹಿಡಿದು ನಿಂತಿದ್ದಳು. ಅಕ್ಕಾರನ್ನು ಕಂಡದ್ದೇ ರೂಢಿಯಂತೆ ಬೆರಳು ಅದ್ದಿ ಕೈ ಎತ್ತಿದಳು. ಆಗ ಹಿಂದಿನಿಂದ ಮಾಸ್ತರರ ಧ್ವನಿ ವಾಲಗವನ್ನೂ ಮೀರಿ ಬಂತು:

"ಬ್ಯಾಡ ಬ್ಯಾಡ! ಕೆನ್ನಿ ಮುಟ್ಟಬ್ಯಾಡ್ರಿ! ಬಣ್ಣ ಹೋಗತೈತಿ!"

ಮುಚ್ಚಿಡಲೆಂದು ಇಷ್ಟು ಕಾಲ ದುಡಿದ ಸಂಗತಿಯನ್ನು ಅವರು ಇಡೀ ಬೀಳಗಿಗೆ ಕೇಳುವಂತೆ ಸಾರಿಬಿಟ್ಟಿದ್ದರು. ಬಾಗಿಲಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮಾಸ್ತರರಿಗೆ ಅರ್ಥವಾಗುವ ಹೊತ್ತಿಗೆ ತಡವಾಗಿತ್ತು. ಕೊಡೆ ಕೈಯಿಂದ ಜಾರಿತ್ತು. ಅಕ್ಕಾರು ಇನ್ನು ತಿರುಗಿ ಬಸ್ ಸ್ಟ್ಯಾಂಡಿಗೆ ಹೋಗುತ್ತಾರೆಂದೇ ನಾನು ತಿಳಿದೆ.

ಅಕ್ಕಾರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದುಕೊಂಡೆವು. ನಗುತ್ತಿದ್ದರು. ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು.

"ಕೇಳಿದೇನವಾ ತಂಗಿ? ನನ್ನ ಕೆನ್ನಿಗೆ ಅವರ ಕಾವಲು," ಎಂದು ನನ್ನ ಹೆಂಡತಿಗೆ ಹೇಳಿ, ಎರಡೂ ಅಂಗೈ ಚಾಚಿದರು. "ಅರಿಷಿಣ ಇದಕ್ಕ ಹಚ್ಚು."

ಅಂಗೈಗೆ ಅರಿಷಿಣ ಹಚ್ಚಿಸಿಕೊಂಡು ಅವರು ಒಳಗೆ ಹೋದರು. ಮುಂದಿನ ಸಾಲಿನಲ್ಲಿ ಕೂತರು. ಅಕ್ಕಿಕಾಳು ಹಾಕಿದರು. ಹಪ್ಪಳ ಮುರಿದು ಪಕ್ಕದವಳ ಜೊತೆ ಹರಟುತ್ತ ಉಂಡರು. ಇಳಿಹೊತ್ತಿನಲ್ಲಿ ಮಾಸ್ತರರು ಅವರನ್ನು ಮಂಟಪದ ಹೊರಗೆ ಬಿಸಿಲಿಗೆ ಕರೆದೊಯ್ದು, ದವಡೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಕಿಸೆಗೆ ಕೈ ಹಾಕಿ ಬಿಳಿ ಬಟ್ಟೆ ತೆಗೆದರು. ಒಂದು ಕ್ಷಣ ಹಿಡಿದುಕೊಂಡು ನಿಂತು, ಒರೆಸದೆಯೇ ಮತ್ತೆ ಕಿಸೆಗೆ ಇಟ್ಟುಕೊಂಡರು.

"ನಿಂತೈತ್ರಿ ಗುರುಗಳ," ಎಂದರು. "ಆದ್ರ ಒರಸಿ ನೋಡಲಾರದ ಪಕ್ಕಾ ಅನಬಾರದು. ಇವತ್ತೊಂದಿನ ಬ್ಯಾಡ."

ಆಮೇಲೆ ಅಕ್ಕಾರು ಎಲ್ಲ ಕಾರ್ಯಗಳಿಗೂ ಹೋಗತೊಡಗಿದರು. ವರ್ಷಗಳು ಕಳೆದಂತೆ ಒಮ್ಮೊಮ್ಮೆ ಬಣ್ಣ ಹಚ್ಚಲು ಮರೆತು ಹೊರಡುತ್ತಿದ್ದರಂತೆ. ಆಗ ಮಾಸ್ತರರೇ ಶೀಸೆ ಹಿಡಿದು ಓಣಿಯ ತನಕ ಹಿಂದೆ ಹೋಗುತ್ತಿದ್ದರು. "ಮಿರಜದ ಬಣ್ಣ ಮನ್ಯಾಗ ಬಿಟ್ಟು ಹೊಂಟಾಳ್ರಿ!" ಎಂದು ನನ್ನ ಹತ್ತಿರ ದೂರು. ಹಾಗೆ ದೂರುವಾಗ ಅವರ ಮುಖ ನೋಡಬೇಕಿತ್ತು. ಬಿಸಿಲು ಬೇಕಿರಲಿಲ್ಲ.

ಅವರು ನಿವೃತ್ತರಾದರು, ನಾನೂ ಆದೆ. ಅವರು ಹೋದರು.

ಸಂತಾಪ ಸಭೆಯ ಮುಂದಿನ ವರ್ಷ ಬೀಳಗಿಯಲ್ಲಿ ನನ್ನ ಕಿರಿಯ ಮಗಳ ಕುಬಸ. ಬಸುರಿ ಮಗಳನ್ನು ತವರಿಗೆ ಕರೆದು ಮುತ್ತೈದೆಯರ ನಡುವೆ ಕೂಡಿಸಿ ಮಾಡುವ ಕಾರ್ಯ. ಅಕ್ಕಾರು ಬರುತ್ತಾರೋ ಇಲ್ಲವೋ ಎಂದಿದ್ದೆವು. ಬಂದರು, ಒಬ್ಬರೇ, ಜಮಖಂಡಿಯಲ್ಲಿ ಬಸ್ಸು ಬದಲಿಸಿ. ಬಂದು ಹಿಂದಿನ ಕಂಬದ ಹತ್ತಿರ ಕೂತರು. ಗಂಡ ಸತ್ತವಳ ಕೆನ್ನೆಗೆ ನಮ್ಮಲ್ಲಿ ಅರಿಷಿಣ ಹಚ್ಚುವುದಿಲ್ಲ. ಎಲ್ಲಿ ಕೂಡಬೇಕೆಂಬುದು ಅವರಿಗೆ ಗೊತ್ತಿತ್ತು.

ನನ್ನ ಹೆಂಡತಿ ಬಟ್ಟಲು ಹಿಡಿದು ಒಬ್ಬೊಬ್ಬರಿಗೇ ಹಚ್ಚುತ್ತ ಬಂದಳು. ಕಂಬದ ಹತ್ತಿರ ಬಂದು ನಿಂತಳು. ಅಕ್ಕಾರು ತಾವೇ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು.

"ನೋಡವಾ ತಂಗಿ, ಮುಂಜಾನೆ ಬಸ್ ಹತ್ತೂ ಮೊದಲ ಹಚ್ಚೀನಿ. ಇನ್ನೂ ಹಂಗ ಐತಿ. ಈಗೇನು ತೊಂದ್ರಿಲ್ಲ, ಯಾರೂ ಮುಟ್ಟೂದಿಲ್ಲಲ್ಲ. ಅವರಿದ್ದಿದ್ರ ಭಾಳ ಖುಷಿ ಆಗ್ತಿದ್ರು."

ನಗುತ್ತಲೇ ಹೇಳಿದರು. ನನ್ನ ಹೆಂಡತಿ ಅಲುಗಲಿಲ್ಲ. ಮುಂದಿನ ಸಾಲಿನಿಂದ ನನ್ನ ಸೋದರತ್ತೆ, "ಅಲ್ಯಾಕ ನಿಂತಿಯವಾ? ಮುತ್ತೈದೇರು ಈ ಕಡೆ ಕುಂತಾರ," ಎಂದಳು.

"ಬಂದೆ ತಡೀರಿ ಅತ್ತಿ," ಎಂದಳು ನನ್ನ ಹೆಂಡತಿ. "ಮಾಸ್ತರ್ದು ಒಂದು ಪರೀಕ್ಷಾ ಉಳದೈತಿ. ಒರಸಿ ನೋಡಲಾರದ ಪಕ್ಕಾ ಅನಬಾರದು ಅಂತಿದ್ರು."

ಎಂದವಳೇ ಬಟ್ಟಲಿನಲ್ಲಿ ಬೆರಳು ಅದ್ದಿ, ಅಕ್ಕಾರ ಎರಡೂ ಕೆನ್ನೆಗಳನ್ನು ಗಟ್ಟಿಯಾಗಿ ಒರೆಸಿದಳು. ಎಡಗೆನ್ನೆಗೆ ಇನ್ನೊಮ್ಮೆ ಅದ್ದಿದಳು. ಸೋದರತ್ತೆ ಬಾಯಿ ತೆರೆದಳು. ಅರಿಷಿಣ ಹಚ್ಚಬಾರದೆಂಬ ಶಾಸ್ತ್ರ ಅವಳಿಗೆ ಗೊತ್ತಿತ್ತು, ಬಣ್ಣದ ಪರೀಕ್ಷೆ ಮಾಡಬಾರದೆಂಬ ಶಾಸ್ತ್ರ ಎಲ್ಲಿದೆಯೆಂದು ತಿಳಿಯದೆ ಬಾಯಿ ಮುಚ್ಚಿದಳು. ಅಕ್ಕಾರು ಕಣ್ಣು ಮುಚ್ಚಿ, ಮುಖವನ್ನು ಬೆಳಕಿಗೆ ಒಡ್ಡಿ ಸುಮ್ಮನೆ ಕೂತಿದ್ದರು, ಮಾಳಿಗೆಯ ಮೇಲೆ ನಿಲ್ಲುತ್ತಿದ್ದ ಹಾಗೆ.

ಬಾಗಿಲಲ್ಲಿ ನಿಂತು ನಾನು ನೋಡಿದೆ. ಇತಿಹಾಸ ಕಲಿಸಿದವನಾದ್ದರಿಂದ ಫಲಿತಾಂಶವನ್ನು ಇಲ್ಲಿ ಬರೆದಿಡುವುದು ನನ್ನ ಕರ್ತವ್ಯ. ಬಣ್ಣ ನಿಲ್ಲಲಿಲ್ಲ.